ತಿನ್ನಲು ಯೋಗ್ಯವಲ್ಲ

ನಾನು ಹಂದಿಗಳ ಕತ್ತು ಕೊಯ್ಯುವವನು. ಕಸಾಯಿಖಾನೆ ಸೇರಿದ ಮೊದಲ ಎರಡು ವರ್ಷ ಕರುಳು ತೊಳೆದೆ. ಆಮೇಲೆ ಕೈಗೆ ಚಾಕು ಕೊಟ್ಟರು. ಹಂದಿಗಳು ಅನಿಲದ ಗುಂಡಿಗೆ ಇಳಿದು ಎಚ್ಚರ ತಪ್ಪಿ ಮೇಲೆ ಬರುತ್ತವೆ. ಹಿಂಗಾಲಿಗೆ ಸರಪಳಿ ಬೀಳುತ್ತದೆ. ತಲೆಕೆಳಗಾಗಿ ನನ್ನ ಮುಂದೆ ಬಂದು ನಿಲ್ಲುತ್ತವೆ. ಕತ್ತಿನ ಬುಡದಲ್ಲಿ ಚಾಕು ಇಳಿಸಬೇಕು, ತಿರುಗಿಸಬೇಕು, ಎಳೆಯಬೇಕು. ಗಂಟೆಗೆ ನಾನೂರು. ಬಿಸಿ ನೆತ್ತರು ಮೊಣಕೈವರೆಗೆ ಹರಿಯುತ್ತದೆ. ಬಲಗೈಯ ಮೂರು ಬೆರಳು ಬೆಳಿಗ್ಗೆ ಎದ್ದಾಗ ನೆಟ್ಟಗಾಗುವುದಿಲ್ಲ. ಪ್ರೆಬೆನ್ ಒಂದೊಂದಾಗಿ ಬಿಡಿಸಿ ಕೊಡುತ್ತಾನೆ.

ಪ್ರೆಬೆನ್ ನನ್ನ ಗಂಡ. ಪುರಸಭೆಯಲ್ಲಿ ಸಹಿ ಹಾಕಿ ಹನ್ನೆರಡು ವರ್ಷವಾಯಿತು. ಇಬ್ಬರದೂ ಈಗ ಒಂದೇ ಮನೆತನದ ಹೆಸರು. ಅವನು ವೃದ್ಧಾಶ್ರಮದಲ್ಲಿ ಕೆಲಸ ಮಾಡುತ್ತಾನೆ. ಮುದುಕರನ್ನು ಎತ್ತುತ್ತಾನೆ, ತೊಳೆಯುತ್ತಾನೆ, ಉಣಿಸುತ್ತಾನೆ. ನಾನು ಕೊಲ್ಲುವ ಕೆಲಸದಿಂದ ಬರುತ್ತೇನೆ, ಅವನು ಸಾಯದಂತೆ ಹಿಡಿದುಕೊಳ್ಳುವ ಕೆಲಸದಿಂದ ಬರುತ್ತಾನೆ. ಇಬ್ಬರ ಬೆನ್ನೂ ಒಂದೇ ತರ ನೋಯುತ್ತದೆ.

ನಮ್ಮದು ಉತ್ತರದ ಚಳಿಯ ದೇಶ, ಯೂಟ್ಲಂಡಿನ ಪಶ್ಚಿಮ ಕರಾವಳಿಯ ಸಣ್ಣ ಊರು. ಗಾಳಿ ನಿಲ್ಲುವುದಿಲ್ಲ. ಊರಿನ ಅರ್ಧ ಜನ ಕಸಾಯಿಖಾನೆಯಲ್ಲಿ ದುಡಿಯುತ್ತಾರೆ. ಕೆಲಸದಲ್ಲಿ ಇಪ್ಪತ್ತೈದು ವರ್ಷ ತುಂಬಿದವರಿಗೆ ಕಂಪನಿ ಒಂದು ಉಡುಗೊರೆ ಕೊಡುತ್ತದೆ: ಚಳಿಗಾಲದಲ್ಲಿ ಒಂದು ವಾರ ಬಿಸಿಲಿನ ದೇಶಕ್ಕೆ ಪ್ರವಾಸ. ಜೋಡಿಯಾಗಿ. ಆ ವರ್ಷ ಆರು ಜನಕ್ಕೆ ಇಪ್ಪತ್ತೈದು ತುಂಬಿತ್ತು. ನಾನೊಬ್ಬ. ಹೆಲ್ಗೆ ಇನ್ನೊಬ್ಬ.

ಹೆಲ್ಗೆ ಎಲುಬು ಬಿಡಿಸುವವನು. ನಾವಿಬ್ಬರೂ ಒಂದೇ ವಾರದಲ್ಲಿ ಕೆಲಸಕ್ಕೆ ಸೇರಿದವರು. ಭಾನುವಾರ ಒಟ್ಟಿಗೆ ಮೀನು ಹಿಡಿದವರು. ನಮ್ಮ ಮದುವೆಯ ಊಟಕ್ಕೆ ಬಂದು, ಹದಿನಾಲ್ಕು ಬಿಯರ್ ಕುಡಿದು, ಪ್ರೆಬೆನ್‌ನ ತಾಯಿಯ ಜೊತೆ ಕುಣಿದಿದ್ದ. ಇದನ್ನು ಮೊದಲೇ ಹೇಳುತ್ತಿದ್ದೇನೆ. ಅಪರಿಚಿತರು ಹೊಡೆದರು ಎಂದು ನೀವು ಸಮಾಧಾನ ಪಟ್ಟುಕೊಳ್ಳಬಾರದು.

ಪ್ರವಾಸದ ಕಾಗದ ಬಂದ ದಿನ ಪ್ರೆಬೆನ್ ಅದನ್ನು ಒಲೆಯ ಮೇಲಿನ ಗೋಡೆಗೆ ಅಂಟಿಸಿದ. ಅದರ ಮೇಲೆ ಕಡಲು, ತಾಳೆಮರ, ಬಿಳಿ ಮರಳಿನ ಚಿತ್ರ.

"ಬೆಚ್ಚಗಿನ ಸಮುದ್ರ ಕಣೋ," ಅಂದ. "ನನ್ನ ಜನ್ಮದಲ್ಲಿ ಸಮುದ್ರಕ್ಕಿಳಿದಾಗೆಲ್ಲ ಬೀಜ ಒಳಗೋಗಿದೆ. ಒಂದ್ಸಲ ಬಿಸಿನೀರಲ್ಲಿ ತೇಲ್ತೀನಿ."

ಊಟವಾದ ಮೇಲೆ ಕಂಪ್ಯೂಟರ್ ಮುಂದೆ ಕೂತ. ವಿದೇಶಾಂಗ ಇಲಾಖೆ ಪ್ರವಾಸಿಗರಿಗೆ ಕೊಡುವ ಸಲಹೆಗಳನ್ನು ಓದಿದ. ನಾನು ಹೋಗಿ ಅವನ ಹಿಂದೆ ನಿಂತೆ. ಆ ದೇಶದಲ್ಲಿ ಗಂಡಸು ಗಂಡಸಿನೊಡನೆ ಮಲಗಿದರೆ ಹತ್ತು ವರ್ಷ ಜೈಲು. ಹೋಟೆಲಿನವರು ದೂರು ಕೊಡಬಹುದು. ಫೋನು ಕಸಿದುಕೊಂಡು ಫೋಟೋ ನೋಡಬಹುದು. ಠಾಣೆಯಲ್ಲಿ ವೈದ್ಯರಿಂದ ಹಿಂಭಾಗ ಪರೀಕ್ಷೆ ಮಾಡಿಸಿದ ಪ್ರಕರಣಗಳಿವೆ.

"ಬೆರಳು ಹಾಕಿ ನೋಡ್ತಾರಂತೆ," ಅಂದ ಪ್ರೆಬೆನ್.

ಮರುದಿನ ನಾನು ಮ್ಯಾನೇಜರಳ ಕೋಣೆಗೆ ಹೋದೆ. ಅವಳ ಹೆಸರು ಲೋನೆ. ಮೇಜಿನ ಮೇಲೆ ಮೇಣದ ಬತ್ತಿ ಹಚ್ಚಿಟ್ಟಿದ್ದಳು. ಕಾಫಿ ಕೊಟ್ಟಳು. ನನ್ನ ಬೂಟಿನಿಂದ ನೆಲಕ್ಕೆ ನೆತ್ತರು ಇಳಿಯುತ್ತಿತ್ತು, ಅದನ್ನು ನೋಡದಂತೆ ನೋಡಿದಳು.

"ನಾವು ಯೋಚನೆ ಮಾಡಿದೀವಿ ಫ್ಲೆಮಿಂಗ್," ಅಂದಳು. "ಎರಡು ದಾರಿ ಇದೆ. ಒಂದು, ನೀನು ನಿನ್ನ ತಂಗೀನ ಕರ್ಕೊಂಡು ಹೋಗು."

"ನನ್ನ ತಂಗಿ ನನ್ನ ಹೆಂಡ್ತಿಯಲ್ಲ."

"ಎರಡನೇದು, ಪ್ರೆಬೆನ್ ಬರ್ಲಿ. ಆದ್ರೆ ಈ ಕಾಗದಕ್ಕೆ ಸಹಿ ಹಾಕಬೇಕು."

ಕಾಗದದಲ್ಲಿ ಮೂರು ಸಾಲಿತ್ತು. ನಾವಿಬ್ಬರೂ ಅಲ್ಲಿ ದಂಪತಿಗಳಂತೆ ನಡೆದುಕೊಳ್ಳುವುದಿಲ್ಲ. ಬೇರೆ ಬೇರೆ ಹಾಸಿಗೆಯಲ್ಲಿ ಮಲಗುತ್ತೇವೆ. ಏನಾದರೂ ಆದರೆ ಅದು ನಮ್ಮ ತಪ್ಪು, ಕಂಪನಿಯದಲ್ಲ.

"ದೇಶ ಬದಲಾಯಿಸಬಹುದಲ್ಲ?" ಅಂದೆ.

"ಐದು ಜೋಡಿಗೆ ಇಷ್ಟ ಆಗಿದೆ. ಒಬ್ಬರಿಗೋಸ್ಕರ..." ಅವಳು ಬತ್ತಿಯ ಕಡೆ ನೋಡಿದಳು. "ನಮಗೆ ನಿನ್ನ ಬಗ್ಗೆ ಏನೂ ಬೇಜಾರಿಲ್ಲ. ಗೊತ್ತಲ್ಲ?"

ನಾನು ಕಾಗದ ಮಡಚಿ ಮನೆಗೆ ತಂದೆ. ಅಲ್ಲೇ ಹರಿದು ಹಾಕಬೇಕಿತ್ತು. ಹರಿಯಲಿಲ್ಲ. ಪ್ರೆಬೆನ್ ಸಹಿ ಹಾಕಿದ. ನಾನೂ ಹಾಕಿದೆ. ಅವನಿಗೆ ಸಮುದ್ರ ಬೇಕಿತ್ತು.

ಆ ಸಂಜೆಯಿಂದ ಅಡಿಗೆಮನೆಯಲ್ಲಿ ತಯಾರಿ ಶುರುವಾಯಿತು. ಪ್ರೆಬೆನ್ ಒಂದು ನೋಟುಪುಸ್ತಕ ತಂದ. ಫೋನಿನಿಂದ ತೆಗೆಯಬೇಕಾದ ಫೋಟೋಗಳು. ಬಿಟ್ಟುಹೋಗಬೇಕಾದ ಉಂಗುರ. ತೊಡಬಾರದ ಅಂಗಿ. ಯಾರಾದರೂ ಕೇಳಿದರೆ ನಾವು ಅಣ್ಣತಮ್ಮಂದಿರು. ಮನೆತನದ ಹೆಸರು ಹೇಗೂ ಒಂದೇ. ಅವನು ಮರದ ಸೌಟು ಹಿಡಿದು ಪೊಲೀಸಿನವನಾದ.

"ಹೆಸರು?"

"ಫ್ಲೆಮಿಂಗ್."

"ಇವನ್ಯಾರು?"

"ನಮ್ಮಣ್ಣ."

"ಅಣ್ಣನ ಮೂಗು ನಿನ್ನ ಮೂಗಿನ ಹಾಗಿಲ್ವಲ್ಲೋ?"

"ಅವನು ಅಪ್ಪನ ಕಡೆ ಹೋಗಿದಾನೆ ಸಾರ್."

"ನೀನು?"

"ನಾನು ಹಾಲಿನವನ ಕಡೆ."

ಇಬ್ಬರೂ ನಕ್ಕೆವು. ನಗುತ್ತ ನಾನು ಅವನ ಹೆಗಲ ಮೇಲೆ ಕೈ ಹಾಕಿದೆ. ಅವನು ಸೌಟಿನಿಂದ ನನ್ನ ಕೈಗೆ ಬಡಿದ.

"ಕೈ!"

ತೆಗೆದೆ. ಮತ್ತೆ ಪ್ರಶ್ನೆ, ಮತ್ತೆ ಉತ್ತರ. ಎಲ್ಲಿ ಹುಟ್ಟಿದ್ದು, ಅಪ್ಪನ ಹೆಸರೇನು, ಅಣ್ಣನಿಗೆ ಯಾಕೆ ಮದುವೆಯಾಗಿಲ್ಲ. ನನಗರಿವಿಲ್ಲದೆ ಕೈ ಮತ್ತೆ ಅವನ ಸೊಂಟಕ್ಕೆ ಹೋಯಿತು. ಹನ್ನೆರಡು ವರ್ಷದ ಅಭ್ಯಾಸ. ಮತ್ತೆ ಬಡಿದ. ಮೂರನೇ ಸಲ ಎಷ್ಟು ಜೋರಾಗಿ ಬಡಿದನೆಂದರೆ ಗೆಣ್ಣಿನ ಮೇಲೆ ಚರ್ಮ ಒಡೆಯಿತು.

"ಲೇ ಪ್ರೆಬೆನ್!"

"ಕಲಿ," ಅಂದ. ಅವನು ನಗುತ್ತಿರಲಿಲ್ಲ. "ಅಲ್ಲಿ ಕಲಿಸೋರ ಕೈಲಿ ಸೌಟು ಇರಲ್ಲ."

ಅವನಿಗೆ ಇಪ್ಪತ್ತೆರಡು ವರ್ಷವಿದ್ದಾಗ ಪಟ್ಟಣದಲ್ಲಿ ನಮ್ಮಂಥವರು ಸೇರುವ ಒಂದು ಬಾರಿನ ಹೊರಗೆ ಮೂವರು ಅವನನ್ನು ಒದ್ದಿದ್ದರು. ದವಡೆ ಮುರಿದು ಆರು ವಾರ ತಂತಿ ಕಟ್ಟಿ ಕೊಳವೆಯಲ್ಲಿ ಸೂಪು ಕುಡಿದಿದ್ದ. ಪೊಲೀಸಿನವರು ಬಂದು ಕೇಳಿದ್ದು ಒಂದೇ ಪ್ರಶ್ನೆ: ನಿನಗೆ ಅಲ್ಲೇನು ಕೆಲಸವಿತ್ತು? ಅವನು ಜಾರಿಬಿದ್ದೆ ಎಂದು ಬರೆದುಕೊಟ್ಟ. ಅವತ್ತಿನಿಂದ ಅವನಿಗೆ ತಲೆ ತಗ್ಗಿಸಿ ಬದುಕುವ ವಿದ್ಯೆ ಚೆನ್ನಾಗಿ ಗೊತ್ತು. ನನಗೂ ಅವನೇ ಕಲಿಸಿದ್ದು.

ನಾವು ಸಹಿ ಹಾಕಿದ ಕಾಗದದ ಸುದ್ದಿ ಕಸಾಯಿಖಾನೆಯಲ್ಲಿ ಹಬ್ಬಿತು. ಗುರುವಾರ ಬೆಳಗಿನ ವಿರಾಮದಲ್ಲಿ ನಾನು ರೈ ಬ್ರೆಡ್ಡಿಗೆ ಹಂದಿಯ ಈಲಿ ಅರೆದ ಮುದ್ದೆ ಸವರಿಕೊಂಡು ತಿನ್ನುತ್ತಿದ್ದೆ. ಹೆಲ್ಗೆ ಎದುರು ಬಂದು ಕೂತ.

"ಫ್ಲೆಮಿಂಗ್, ಒಂದು ಮಾತು. ನೀನು ಹಿಂದೆ ಸರಿ."

"ಯಾತರಿಂದ?"

"ಪ್ರವಾಸದಿಂದ. ಅಲ್ಲಿ ನಿಮ್ಮನ್ನ ಹಿಡಿದ್ರೆ ಜೊತೆಯಲ್ಲಿ ಬಂದವರನ್ನೂ ಕೂರಿಸಿ ವಿಚಾರಣೆ ಮಾಡ್ತಾರಂತೆ. ನನ್ನ ಹೆಂಡ್ತಿಗೆ ರಕ್ತದೊತ್ತಡ ಇದೆ ಮಾರಾಯ."

"ನಾವು ಅಣ್ಣತಮ್ಮ ಅಂತ ಹೇಳ್ತೀವಿ. ಬೇರೆ ಬೇರೆ ಮಲಗ್ತೀವಿ. ಸಹಿ ಹಾಕಿದೀವಿ."

"ನಿಮ್ಮಿಬ್ಬರ ಮುಖ ನೋಡಿದ್ರೇ ಗೊತ್ತಾಗುತ್ತೆ ಕಣೋ! ಹದಿನೈದು ವರ್ಷದಿಂದ ನಿನ್ನ ಜೊತೆ ಮೀನು ಹಿಡೀತಿದೀನಿ ಅಂತ ನನ್ನನ್ನೂ ಆ ಸಾಲಿಗೆ ಸೇರಿಸ್ತಾರೆ."

"ಇಪ್ಪತ್ತೈದು ವರ್ಷ ನಾನೂ ದುಡಿದಿದೀನಿ ಹೆಲ್ಗೆ. ನಿನ್ನಷ್ಟೇ."

"ಒಂದು ವಾರ! ನಾನು ಬದುಕಿನಲ್ಲಿ ಒಂದೇ ವಾರ ಬಿಸಿಲು ಕೇಳಿದ್ದು. ಅದನ್ನೂ ನಿಮ್ಮ ತಿಕಕ್ಕೋಸ್ಕರ ಕಳ್ಕೊಳ್ಳಲಾ?"

ಸುತ್ತ ಕೂತವರು ನಕ್ಕರು. ನಾನು ಬ್ರೆಡ್ ಅಗಿದು ನುಂಗಿದೆ.

"ನಾನು ಹೋಗ್ತೀನಿ," ಅಂದೆ.

ಮಧ್ಯಾಹ್ನ ಒಂದೂವರೆಗೆ ಪಾಳಿ ಮುಗಿಯಿತು. ಚಾಕು ತೊಳೆದು ಇಡುತ್ತಿದ್ದೆ. ಸೊಂಟದಲ್ಲಿ ಚಾಕು ಸಿಕ್ಕಿಸುವ ಅಗಲವಾದ ಪಟ್ಟಿ ಇನ್ನೂ ಇತ್ತು. ಹೆಲ್ಗೆ ಬಂದು, "ಬಾ, ಬೆಳಿಗ್ಗೆ ಸ್ವಲ್ಪ ಜಾಸ್ತಿ ಮಾತಾಡಿಬಿಟ್ಟೆ," ಅಂದ. ನಾನು ನಂಬಿದೆ. ಶೀತಲಕೋಣೆಗೆ ಅವನ ಹಿಂದೆ ಹೋದೆ. ಒಳಗೆ ಎಲುಬಿನ ವಿಭಾಗದ ಇನ್ನಿಬ್ಬರಿದ್ದರು. ಬಾಗಿಲಲ್ಲಿ ಮೇಸ್ತ್ರಿ ಮೊಗೆನ್ಸ್ ಫೋನ್ ನೋಡುತ್ತ ನಿಂತಿದ್ದ.

ಮೊದಲ ಏಟು ಹೊಟ್ಟೆಗೆ ಬಿತ್ತು. ಬಗ್ಗಿದೆ. ಬಗ್ಗಿದವನ ಸೊಂಟದ ಪಟ್ಟಿಗೆ ಹಿಂದಿನಿಂದ ಕೊಕ್ಕೆ ಸಿಕ್ಕಿಸಿದರು. ಕೊಕ್ಕೆ ಎತ್ತುವ ಗುಬುಟು ಒತ್ತಿದರು. ಯಂತ್ರಕ್ಕೆ ನೂರು ಕಿಲೋ ಒಂದು ಲೆಕ್ಕವಲ್ಲ. ಕಾಲು ನೆಲ ಬಿಟ್ಟಿತು. ತಲೆ ಒಂದು ಕಡೆ, ಕಾಲು ಒಂದು ಕಡೆ ಜೋತುಬಿದ್ದೆ. ಪಟ್ಟಿ ಹೊಟ್ಟೆಯೊಳಕ್ಕೆ ಇಳಿಯಿತು. ಉಸಿರು ಹೋಗುತ್ತಿತ್ತು, ಬರುತ್ತಿರಲಿಲ್ಲ. ಎರಡೂ ಪಕ್ಕ ಸೀಳಿದ ಹಂದಿಗಳು ತೂಗುತ್ತಿದ್ದವು. ನನ್ನನ್ನು ಉಯ್ಯಾಲೆಯಂತೆ ತಳ್ಳಿದರು. ಹಂದಿಗಳಿಗೆ ಬಡಿದೆ. ಮತ್ತೆ ತಳ್ಳಿದರು. ಉಕ್ಕಿನ ಕಂಬಕ್ಕೆ ಬಡಿದೆ. ಪಕ್ಕೆಯಲ್ಲಿ ಏನೋ ಲಟಕ್ ಅಂದಿತು. ಇಪ್ಪತ್ತೈದು ವರ್ಷ ಆ ಸದ್ದು ಕೇಳಿದ್ದೇನೆ. ನನ್ನ ಮೈಯೊಳಗಿನಿಂದ ಕೇಳಿದ್ದು ಅದೇ ಮೊದಲು.

"ಹೋಗಲ್ಲ ಅನ್ನು," ಅಂದ ಹೆಲ್ಗೆ.

"ಹೋಗ್ತೀನಿ."

ಅಂಗಿ ಹರಿದರು. ಬೆನ್ನ ಮೇಲೆ ತಣ್ಣಗಿನ ಲೋಹ ಬಿತ್ತು. ಅದೇನೆಂದು ತಕ್ಷಣ ಗೊತ್ತಾಯಿತು. ಪಶುವೈದ್ಯೆಯ ಬಳಿ ಮಾಂಸಕ್ಕೆ ನೀಲಿ ಶಾಯಿಯಲ್ಲಿ ಒತ್ತುವ ಎರಡು ಮುದ್ರೆಗಳಿರುತ್ತವೆ. ಒಂದು ಒಳ್ಳೆಯ ಮಾಂಸಕ್ಕೆ. ಇನ್ನೊಂದು ರೋಗ ಹಿಡಿದದ್ದಕ್ಕೆ, ಕೀವು ತುಂಬಿದ್ದಕ್ಕೆ, ಸುಟ್ಟು ಹಾಕಬೇಕಾದದ್ದಕ್ಕೆ. ಎರಡನೆಯದನ್ನು ಬೀಗ ಹಾಕಿದ ಬೀರುವಿನಲ್ಲಿಡುತ್ತಾರೆ. ಇನ್ನೊಂದು ಬೀಗದ ಕೈ ಮೊಗೆನ್ಸ್ ಹತ್ತಿರ ಇತ್ತು.

"ಹೋಗಲ್ಲ ಅನ್ನೋ ಹೆಣ್ಣಿಗ."

"ಹೋಗ್ತೀನಿ."

ಮತ್ತೆ ಮುದ್ರೆ. ಮುಷ್ಟಿ ಕಟ್ಟಿ ಅದರ ಮೇಲೆ ಗುದ್ದಿದರು, ಮಾಂಸಕ್ಕೆ ಗುದ್ದುವ ಹಾಗೆ. ಮೂರನೇ ಸಲವೂ ಹೋಗುತ್ತೇನೆ ಎಂದೆ. ನಾಲ್ಕನೇ ಸಲ ಹೋಗುವುದಿಲ್ಲ ಎಂದೆ. ಅತ್ತೆ. ಚಡ್ಡಿಯಲ್ಲಿ ಉಚ್ಚೆ ಹೋಯಿತು. ಇದನ್ನೂ ಹೇಳಬೇಕು. ಧೀರನಂತೆ ಹಲ್ಲು ಕಚ್ಚಿಕೊಂಡಿದ್ದೆ ಎಂದರೆ ಸುಳ್ಳಾಗುತ್ತದೆ.

"ಅಷ್ಟೇ ಬೇಕಿದ್ದಿದ್ದು," ಅಂದ ಹೆಲ್ಗೆ. ದೀಪ ಆರಿಸಿ ಹೋದರು.

ವಿಯೊರಿಕಾ ನನ್ನನ್ನು ಇಳಿಸಿದಳು. ಅವಳು ರುಮೇನಿಯಾದವಳು, ಕರುಳಿನ ಕೋಣೆಯಲ್ಲಿ ದುಡಿಯುವವಳು, ನೀರಿನ ಕೊಳವೆ ತೆಗೆದುಕೊಳ್ಳಲು ಬಂದಿದ್ದಳು. ದೀಪ ಹಾಕಿದಳು. ಕೂಗಲಿಲ್ಲ. ಗುಬುಟು ಒತ್ತಿ ಇಳಿಸಿ, ತನ್ನ ಏಪ್ರನ್ ಬಿಚ್ಚಿ ನನಗೆ ಸುತ್ತಿದಳು. ಹಿಂದೊಮ್ಮೆ ಅವಳೇ ನನಗೆ ಮುಖಕ್ಕೆ ಹೇಳಿದ್ದಳು, ನಿನ್ನಂಥವರನ್ನು ನಮ್ಮೂರ ಚರ್ಚಿನೊಳಗೆ ಬಿಡುವುದಿಲ್ಲ ಎಂದು.

"ಯಾರು?" ಅಂದಳು.

ಹೇಳಿದೆ.

"ಮೊಗೆನ್ಸ್?"

"ನೋಡ್ತಾ ನಿಂತಿದ್ದ."

"ಹೋದ ವರ್ಷ ನನ್ನನ್ನ ಇಲ್ಲೇ ಕೂಡಿಹಾಕಿದ್ದ," ಅಂದಳು. "ಅರ್ಧ ಗಂಟೆ. ತಮಾಷೆ ಅಂದ. ಉಗುರು ನೀಲಿಯಾಗಿತ್ತು." ಆಮೇಲೆ, "ಹಲ್ಲು ಕಚ್ಚು, ಎತ್ತುತ್ತೀನಿ," ಅಂದಳು.

ಆಸ್ಪತ್ರೆಯಲ್ಲಿ ಎರಡು ಪಕ್ಕೆಲುಬು ಬಿರುಕು ಬಿಟ್ಟಿದೆ ಎಂದರು. ಬೆನ್ನಿನ ಮೇಲೆ ಏನೆಂದು ಕೇಳಿದರು. ಕೆಲಸದ ಬಣ್ಣ ಎಂದೆ. ನನ್ನ ಬಾಯಿಂದ ತಾನಾಗೇ ಬಂದ ಉತ್ತರ ಅದು.

ಮನೆಯಲ್ಲಿ ಪ್ರೆಬೆನ್ ನನ್ನನ್ನು ಸ್ನಾನದ ಕೋಣೆಯಲ್ಲಿ ಮಣೆಯ ಮೇಲೆ ಕೂರಿಸಿದ. ಅಂಗಿ ಬಿಚ್ಚಿದ. ಬೆನ್ನಿನ ಕಡೆಗೆ ಬಗ್ಗಿದ.

"ಏನಂತ ಇದೆ? ಓದು," ಅಂದೆ. ನನಗೆ ಗೊತ್ತಿತ್ತು. ಆದರೂ ಅವನು ಹೇಳಲಿ ಎಂದು ಕೇಳಿದೆ.

ಅವನು ಓದಲಿಲ್ಲ. ಸೋಪು ಹಚ್ಚಿದ. ಶಾಯಿ ಹೋಗಲಿಲ್ಲ. ಪಾತ್ರೆ ತಿಕ್ಕುವ ಬ್ರಶ್ ತಂದ. ಸ್ಪಿರಿಟ್ ತಂದ. ತಿಕ್ಕಿದ. ಮುದುಕರ ತೊಗಟೆಯಂಥ ಚರ್ಮವನ್ನು ಹರಿಯದಂತೆ ತೊಳೆಯುವ ಕೈ ಅದು. ನನ್ನ ಚರ್ಮವನ್ನು ಹರಿಯುವ ಹಾಗೆ ತಿಕ್ಕಿತು. ನೀಲಿ ನೀರಿನ ಜೊತೆ ಕೆಂಪು ಇಳಿಯಿತು.

"ಬಿಡು ಪ್ರೆಬೆನ್. ಹಂದಿಯ ತೊಗಲಿನಿಂದಲೇ ಹೋಗಲ್ಲ ಅದು."

"ಹೋಗುತ್ತೆ."

"ಬಿಡು ಅಂದೆ!"

ಅವನು ಬ್ರಶ್ಶನ್ನು ಗೋಡೆಗೆ ಎಸೆದ. ನೆಲದ ಮೇಲೆ ಕೂತ.

"ಲೋನೆ ಫೋನ್ ಮಾಡಿದ್ಲು," ಅಂದ. "ನಾಳೆ ಬಾ ಅಂದ್ಲು. ಒಂದು ಕಾಗದ ಇದೆಯಂತೆ. ಜಾರಿಬಿದ್ದೆ ಅಂತ. ಸಹಿ ಹಾಕು. ತಂಗಿ ಬೇಡ, ನಾನೂ ಬೇಡ, ಪ್ರವಾಸಾನೂ ಬೇಡ. ಸಹಿ ಹಾಕಿ ಮನೆಗೆ ಬಾ."

"ನೀನು ಹಾಕಿದ ಹಾಗೆ."

"ಹೌದು. ನಾನು ಹಾಕಿದ ಹಾಗೆ. ಮೂವತ್ತು ವರ್ಷ ಬದುಕಿದೀನಿ ಅದರಿಂದ. ನೀನು ಸಿಕ್ಕಿದೆ. ಮನೆ ಇದೆ. ಬೆಳಿಗ್ಗೆ ಕಾಫಿ ಇದೆ. ಇನ್ನೇನು ಬೇಕು ನಿನಗೆ?"

"ಅವನು ನಮ್ಮ ಮದುವೇಲಿ ಕುಣಿದಿದ್ದ ಪ್ರೆಬೆನ್."

"ಕುಣಿದೋರೇ ಒದೆಯೋದು! ಅದಿನ್ನೂ ಗೊತ್ತಾಗಲಿಲ್ವಾ ನಿನಗೆ?"

"ಆ ದೇಶಕ್ಕೆ ಹೆದರಿ ನೀನು ನನ್ನ ಕೈ ಒಡೆದೆ," ಅಂದೆ. "ನೋಟುಪುಸ್ತಕ ತುಂಬಿಸಿದೆ. ಉಂಗುರ ಬಿಚ್ಚಿಸಿದೆ. ಆ ದೇಶದ ಒಬ್ಬ ಪೊಲೀಸನೂ ನನ್ನ ಮುಟ್ಟಿಲ್ಲ."

ಅವನು ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಬೇರೆ ಬೇರೆ ಮಲಗಿದೆವು.

ಶುಕ್ರವಾರ ಲೋನೆಯ ಕೋಣೆಯಲ್ಲಿ ಮೊಗೆನ್ಸ್ ಕೂಡ ಕೂತಿದ್ದ. ಅಪಘಾತದ ದಪ್ಪ ಪುಸ್ತಕ ಮೇಜಿನ ಮೇಲೆ ತೆರೆದಿತ್ತು. ಆಗಲೇ ಬರೆದಾಗಿತ್ತು: ಒದ್ದೆ ನೆಲದ ಮೇಲೆ ಜಾರಿ ಕಂಬಕ್ಕೆ ಬಡಿದಿದ್ದಾನೆ.

"ಹುಡುಗರು ತಮಾಷೆ ಮಾಡಿದಾರೆ," ಅಂದ ಮೊಗೆನ್ಸ್. "ಎಲ್ಲರಿಗೂ ಮಾಡ್ತಾರೆ. ನೀನೂ ಹಿಂದೆ ಹೊಸಬರ ಬೂಟಿಗೆ ಕರುಳು ತುಂಬಿಸಿಲ್ವಾ?"

"ನನ್ನ ಬೆನ್ನು ನೋಡಿದೀಯಾ?" ಅಂದೆ ಲೋನೆಗೆ.

"ಅದರ ಅಗತ್ಯ ಇಲ್ಲ." ಅವಳು ಪೆನ್ನು ಮುಂದೆ ತಳ್ಳಿದಳು. "ಶೀತಲಕೋಣೇಲಿ ಕ್ಯಾಮೆರಾ ಇಲ್ಲ ಫ್ಲೆಮಿಂಗ್. ನಾಲ್ಕು ಜನ ನೀನು ಜಾರಿದೆ ಅಂತಾರೆ. ನೀನೊಬ್ಬ. ಸಹಿ ಹಾಕು, ಒಂದು ತಿಂಗಳು ಸಂಬಳದ ರಜೆ ತಗೋ. ಇಲ್ಲದಿದ್ರೆ ಇದು ನಿನಗೇ ಕಷ್ಟ."

ಪೆನ್ನು ತೆಗೆದುಕೊಂಡೆ. ಎರಡು ತುಂಡು ಮಾಡಿದೆ. ಆ ಸೆಟೆದ ಮೂರು ಬೆರಳುಗಳಿಂದಲೇ ಮುರಿದೆ. ಮೇಜಿನ ಮೇಲಿಟ್ಟು ಬಂದೆ.

ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋದೆ. ಪಕ್ಕೆಲುಬು ಬಿರುಕು ಬಿಟ್ಟವನು ಬಂದನೆಂದು ಯಾರೂ ತಡೆಯಲಿಲ್ಲ. ಬಿಳಿ ಕೋಟು, ಬಿಳಿ ಬೂಟು, ಕೂದಲಿಗೆ ಬಲೆ. ಎಂಟು ಗಂಟೆಯವರೆಗೆ ಕೊಯ್ದೆ. ಪ್ರತಿ ಹಂದಿಗೂ ಪಕ್ಕೆಯಲ್ಲಿ ನನಗೇ ಚಾಕು ಇಳಿದ ಹಾಗಾಗುತ್ತಿತ್ತು. ಎಂಟಕ್ಕೆ ಅನಿಲದ ಗುಂಡಿಯ ಬಾಗಿಲು ಮುಚ್ಚುವ ಗುಬುಟು ಒತ್ತಿದೆ. ಮೇಲೆ ಬಂದಿದ್ದ ಹಂದಿಗಳನ್ನೆಲ್ಲ ಕೊಯ್ದು ಮುಗಿಸಿದೆ. ಎಚ್ಚರಾಗಿ ಒದ್ದಾಡಬಾರದು ಎಂದು. ಆಮೇಲೆ ಕೆಂಪು ಗುಬುಟು ಒತ್ತಿದೆ. ಇಡೀ ಸಾಲು ನಿಂತಿತು.

ಕೋಟು ಬಿಚ್ಚಿದೆ. ಅಂಗಿ ಬಿಚ್ಚಿದೆ. ಸೊಂಟದ ಮೇಲೆ ಬೆತ್ತಲಾಗಿ, ನೆತ್ತರಿನ ನಡುವೆ, ಎಲ್ಲರಿಗೂ ಬೆನ್ನು ಕಾಣುವಂತೆ ನಿಂತೆ.

ಮಾಂಸದ ಸಾಲಿನ ಪಕ್ಕ ಬರಿಮೈ ಇದ್ದರೆ ಯಂತ್ರ ಓಡಿಸುವಂತಿಲ್ಲ. ನಿಯಮ. ಪಶುವೈದ್ಯೆ ಬೊಡಿಲ್ ಓಡಿ ಬಂದಳು. ಅವಳು ಸರಕಾರದ ಸಂಬಳ ತಿನ್ನುವವಳು, ಕಂಪನಿಯದಲ್ಲ. "ಬುದ್ಧಿ ಕೆಟ್ಟಿದೆಯಾ? ಬಟ್ಟೆ ಹಾಕ್ಕೋ!" ಎನ್ನುತ್ತ ಬಂದವಳು ನನ್ನ ಹಿಂದೆ ನಿಂತಳು. ಓದಿದಳು.

"ಈ ಮುದ್ರೆ ಯಾರು ಮುಟ್ಟಿದ್ದು?" ಅಂದಳು.

ನಾನು ಬೆನ್ನನ್ನು ಬೆಳಕಿಗೆ ಇನ್ನಷ್ಟು ತಿರುಗಿಸಿದೆ.

"ಇದು ಸರಕಾರದ ಮುದ್ರೆ! ನನ್ನ ಬೀರು ತೆಗೆದವರು ಯಾರು? ಇದಕ್ಕೆ ಜೈಲಿದೆ, ಗೊತ್ತಾ? ಮೊಗೆನ್ಸ್! ಬೀಗದ ಕೈ ಎಲ್ಲಿ?"

ಮೊಗೆನ್ಸ್‌ನ ಮುಖ ಬಿಳಿಚಿತು. ನಾಲ್ಕು ಮುದ್ರೆಗಳ ಕೆಳಗೆ ಒಂದು ಮೈ ಇರುವುದು ಅವಳಿಗೆ ಕಾಣಲಿಲ್ಲ. ಮುದ್ರೆ ಕಂಡಿತು. ಅವತ್ತು ನನ್ನನ್ನು ಕಾಪಾಡಿದ್ದು ನನ್ನ ಮೇಲಿನ ಕನಿಕರವಲ್ಲ. ಮುದ್ರೆಗೊಂದು ಕಾನೂನಿತ್ತು. ಬರೆದು ಸಹಿ ಹಾಕುವವರೆಗೆ ಯಂತ್ರ ಓಡಕೂಡದು ಎಂದು ಅವಳು ಆಜ್ಞೆ ಮಾಡಿದಳು.

ಕೆಳಗೆ ಕೊಟ್ಟಿಗೆಯಲ್ಲಿ ಏಳುನೂರು ಹಂದಿಗಳಿದ್ದವು. ಸಾಲು ನಿಂತರೆ ಅವು ಒಂದರ ಮೇಲೊಂದು ಹತ್ತುತ್ತವೆ, ಕಚ್ಚುತ್ತವೆ. ಕಿರುಚಾಟ ಶುರುವಾಯಿತು. ಕಬ್ಬಿಣದ ಮಾಡು ಅದುರುತ್ತಿತ್ತು.

ಮುಂದೆ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಹೆಲ್ಗೆಗೆ ಅರವತ್ತು ದಿನ ಜೈಲಾಯಿತು. ಉಳಿದಿಬ್ಬರ ಕೆಲಸ ಹೋಯಿತು. ಮೊಗೆನ್ಸ್ ಬೇರೆ ಊರಿನಲ್ಲಿ ಮತ್ತೆ ಮೇಸ್ತ್ರಿಯಾಗಿದ್ದಾನೆ. ಆ ವರ್ಷದ ಪ್ರವಾಸ ರದ್ದಾಯಿತು. ಅದಕ್ಕೆ ನಾನೇ ಕಾರಣವೆಂದು ನಾಲ್ಕು ಮನೆಯವರು ನನಗೆ ನಮಸ್ಕಾರ ಹೇಳುವುದನ್ನು ಬಿಟ್ಟರು. ಬೇಕರಿಯಲ್ಲಿ ಹೆಲ್ಗೆಯ ಹೆಂಡತಿ ನನ್ನ ಬೂಟಿನ ಮೇಲೆ ಉಗಿದಳು. ಪ್ರೆಬೆನ್ ಮೂರು ವಾರ ಮಾತಾಡಲಿಲ್ಲ. ನಾಲ್ಕನೇ ವಾರ ಪ್ರವಾಸದ ಕಚೇರಿಗೆ ಒಬ್ಬನೇ ಹೋಗಿ ಬಂದು, ಪೋರ್ಚುಗಲ್ಲಿನ ಸಮುದ್ರವೂ ಜೂನಿನಲ್ಲಿ ಅಷ್ಟೇನೂ ತಣ್ಣಗಿರುವುದಿಲ್ಲವಂತೆ ಎಂದ. ಕೋಣೆಗೆ ಒಂದೇ ಹಾಸಿಗೆ ಕೇಳಿದೆಯಾ ಎಂದೆ. ಧೈರ್ಯ ಬರಲಿಲ್ಲ ಎಂದ. ಮರುದಿನ ನಾನು ಹೋಗಿ ಕೇಳಿದೆ.

ಅದೆಲ್ಲ ಆಮೇಲೆ. ನಾನು ಹೇಳಹೊರಟದ್ದು ಆ ಸೋಮವಾರದ ಮಾತು.

ಲೋನೆ ಬಂದಳು. ಎತ್ತರದ ಚಪ್ಪಲಿಯ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಿದ್ದಳು. ಕೈಯಲ್ಲಿ ಆ ದಪ್ಪ ಪುಸ್ತಕ. ನನ್ನ ಬೆನ್ನು ನೋಡಬೇಕಾಗಿ ಬಂತು. ನೋಡಿದಳು. ಬೊಡಿಲ್ ಹೇಳಿದ ಹಾಗೆ ಬರೆದಳು.

"ಆಯ್ತು," ಅಂದಳು. "ಸರಕಾರಿ ಮುದ್ರೆಯ ದುರ್ಬಳಕೆ. ಬರೆದಿದೀನಿ. ಈಗ ಅಂಗಿ ಹಾಕ್ಕೋ. ಸಾಲು ಓಡಲಿ."

ಬೊಡಿಲ್ ತಲೆಯಾಡಿಸಿದಳು. ಅವಳ ಕೆಲಸ ಮುಗಿದಿತ್ತು.

"ನನ್ನ ಬಗ್ಗೆ?" ಅಂದೆ.

"ಏನು ನಿನ್ನ ಬಗ್ಗೆ?"

"ಮುದ್ರೆ ಒಂದು ಮೈ ಮೇಲೆ ಬಿದ್ದಿದೆಯಲ್ಲ. ಅದು ಯಾರದು?"

"ಅದನ್ನ ಆಮೇಲೆ ನೋಡೋಣ." ಅವಳು ಸಾಲು ಓಡಿಸಲು ಕೈ ಬೀಸಿದಳು. ಮೊಗೆನ್ಸ್ ಹಸಿರು ಗುಬುಟು ಒತ್ತಿದ. ಸರಪಳಿ ಅಲುಗಿತು.

ಆಗ ಕರುಳಿನ ಕೋಣೆಯಿಂದ ಸದ್ದು ಬಂತು. ಉಕ್ಕಿನ ಮೇಜಿನ ಮೇಲೆ ಚಾಕು ಬಿಸಾಡಿದ ಸದ್ದು. ಒಂದು. ಆಮೇಲೆ ಹನ್ನೊಂದು. ವಿಯೊರಿಕಾ ಹೊರಗೆ ಬಂದಳು, ಹಿಂದೆ ಉಳಿದ ಹೆಂಗಸರು. ಮೊಣಕೈವರೆಗೆ ಹೇಲು, ನೆತ್ತರು. ವಿಯೊರಿಕಾ ಹೋಗಿ ಕೆಂಪು ಗುಬುಟನ್ನು ಮುಷ್ಟಿಯಿಂದ ಗುದ್ದಿದಳು. ಸರಪಳಿ ನಿಂತಿತು.

"ಮನುಷ್ಯನ ಬಗ್ಗೆ ಬರಿ," ಅಂದಳು.

"ವಿಯೊರಿಕಾ, ಇದು ನಿನ್ನ ವಿಷಯ ಅಲ್ಲ."

"ಅವನನ್ನ ಕೊಕ್ಕೆಯಿಂದ ಇಳಿಸಿದ್ದು ನಾನು. ಬರಿ."

ಮೊಗೆನ್ಸ್ ಅವಳ ತೋಳು ಹಿಡಿದ. ಅವಳು ಆ ಹೇಲಿನ ಕೈಯಲ್ಲೇ ಅವನ ಮುಖಕ್ಕೆ ಬಾರಿಸಿದಳು. ಅವನ ಕನ್ನಡಕ ನೆತ್ತರಿನ ಕಾಲುವೆಗೆ ಬಿತ್ತು. ಯಾರೂ ಎತ್ತಿಕೊಡಲಿಲ್ಲ.

ಹಂದಿಗಳ ಕಿರುಚಾಟ ಏರುತ್ತಿತ್ತು. ಲೋನೆ ಗಡಿಯಾರ ನೋಡಿದಳು. ಪೆನ್ನು ತೆಗೆದಳು. ನಾನು ಹೇಳಿದೆ, ಅವಳು ಬರೆದಳು. ಯಾರು ಹಿಡಿದರು. ಯಾರು ಕೊಕ್ಕೆ ಹಾಕಿದರು. ಯಾರು ಬಾಗಿಲಲ್ಲಿ ನಿಂತಿದ್ದರು. ನಾನು ಅತ್ತದ್ದು. ಉಚ್ಚೆ ಹೊಯ್ದುಕೊಂಡದ್ದು. ಅದನ್ನು ಬರೆಯಬೇಕಾ ಎಂದಳು. ಬರಿ ಎಂದೆ.

"ಕಾರಣ?" ಅಂದಳು ವಿಯೊರಿಕಾ. "ಯಾಕೆ ಮಾಡಿದ್ರು?"

"ಕಾರಣಕ್ಕೆ ಇದರಲ್ಲಿ ಜಾಗ ಇಲ್ಲ."

"ಅಂಚಿನಲ್ಲಿ ಬರಿ."

ಬರೆದಳು. ನನ್ನ ಕಡೆ ಪುಸ್ತಕ ತಿರುಗಿಸಿದಳು.

"ಓದು," ಅಂದೆ. "ಎಲ್ಲರಿಗೂ ಕೇಳೋ ಹಾಗೆ."

ಅವಳು ತುಟಿ ನೆಕ್ಕಿಕೊಂಡಳು. ಓದಿದಳು. ಹಂದಿಗಳ ಕೂಗಿನಲ್ಲಿ ಒಂದಕ್ಷರವೂ ಕೇಳಿಸಲಿಲ್ಲ.

"ಜೋರಾಗಿ!" ಎಂದರು ಹೆಂಗಸರು.

ಎಲುಬಿನ ವಿಭಾಗದವರು ಬಾಗಿಲಿಗೆ ಬಂದಿದ್ದರು. ಹೆಲ್ಗೆಯೂ ಇದ್ದ. ಲೋನೆ ಕತ್ತು ಚಾಚಿದಳು. ಕತ್ತಿನ ನರ ಉಬ್ಬಿದವು. ನೆತ್ತರು ಹರಿಯುವ ನೆಲದ ಮೇಲೆ ನಿಂತು, ಏಳುನೂರು ಹಂದಿಗಳ ಮೇಲೆ, ಗಂಟಲು ಹರಿಯುವಂತೆ ಕೂಗಿ ಓದಿದಳು:

"ಕಾರಣ! ಇವನು! ತನ್ನ ಗಂಡನ ಜೊತೆ! ಪ್ರವಾಸಕ್ಕೆ ಹೋಗ್ತೀನಿ ಅಂದಿದ್ದಕ್ಕೆ!"

"ಇನ್ನೊಂದ್ಸಲ," ಅಂದೆ.